ಕೆಲಸದ ಜೊತೆಗೊಂದು ವಿಶ್ವವಿದ್ಯಾಲಯದ ಸರ್ಟಿಫಿಕೇಟ್: ಇಗ್ನೋ ಸೇರುವವರಿಗೆ ಅರ್ಹತೆಯಿಂದ ಫಲಿತಾಂಶದವರೆಗೆ

ಓದು ಬಿಟ್ಟು ಹತ್ತಿಪ್ಪತ್ತು ವರ್ಷವಾದ ಮೇಲೆ ಮತ್ತೆ ಓದಲು ಹೊರಟವರ ಮೊದಲ ಪ್ರಶ್ನೆ, ‘ನನ್ನನ್ನು ಸೇರಿಸಿಕೊಳ್ಳುತ್ತಾರಾ?’ ಎಂಬುದು. ಮುಕ್ತ ವಿಶ್ವವಿದ್ಯಾಲಯಗಳ ಮಟ್ಟಿಗೆ ಈ ಪ್ರಶ್ನೆಗೆ ಬಹುತೇಕ ಸಲ ‘ಹೌದು’ ಎಂಬ ಉತ್ತರವೇ ಸಿಗುತ್ತದೆ. ಜನ ಎಡವುವುದು ಬೇರೆ ಕಡೆ: ದಾಖಲೆಗಳಲ್ಲಿ ಹೆಸರು ಒಂದಕ್ಕೊಂದು ಹೊಂದದಿರುವುದು, ಬೇರೆಯವರ ಮೊಬೈಲ್ ನಂಬರ್ ಕೊಟ್ಟು ಅರ್ಜಿ ಹಾಕುವುದು, ಆರು ತಿಂಗಳ ಓದನ್ನು ಆರೇ ತಿಂಗಳಲ್ಲಿ ಮುಗಿಸುತ್ತೇನೆಂದು ಹೊರಡುವುದು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅರ್ಹತೆಗಿಂತ ದಾಖಲೆ ಮತ್ತು ಸಮಯದ ಲೆಕ್ಕಕ್ಕೇ ಹೆಚ್ಚು ಜಾಗ.

ಉದಾಹರಣೆಗೆ ತೆಗೆದುಕೊಂಡಿರುವುದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನು, ಎಲ್ಲರ ಬಾಯಲ್ಲಿ ಇಗ್ನೋ. ಸಂಸತ್ತಿನ ಕಾಯ್ದೆಯ ಮೂಲಕ 1985ರಲ್ಲಿ ಸ್ಥಾಪನೆಯಾದದ್ದು. ಕರ್ನಾಟಕದಲ್ಲಿ ಇದಕ್ಕೆ ಎರಡು ಪ್ರಾದೇಶಿಕ ಕೇಂದ್ರಗಳಿವೆ, ಬೆಂಗಳೂರು ಮತ್ತು ವಿಜಯಪುರ. ನಿಮ್ಮ ಜಿಲ್ಲೆ ಯಾವುದರ ಕೆಳಗೆ ಬರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮುಂದೆ ಪ್ರತಿ ತಕರಾರಿಗೂ ಪತ್ರ ಬರೆಯಬೇಕಾದದ್ದು ಅಲ್ಲಿಗೇ.

ಮೊದಲು ಒಂದು ಪದದ ಗೊಂದಲ

ನಾವು ‘ಕೋರ್ಸ್’ ಎನ್ನುವುದನ್ನು ಇಗ್ನೋ ‘ಪ್ರೋಗ್ರಾಂ’ ಎನ್ನುತ್ತದೆ. ಇಗ್ನೋ ಭಾಷೆಯಲ್ಲಿ ‘ಕೋರ್ಸ್’ ಎಂದರೆ ಒಂದು ಪೇಪರ್, ಅಂದರೆ ಒಂದು ವಿಷಯ. ‘ಪ್ರತಿ ಕೋರ್ಸ್‌ಗೆ ಪರೀಕ್ಷಾ ಶುಲ್ಕ 200 ರೂಪಾಯಿ’ ಎಂಬುದನ್ನು ಓದಿ, ಇಡೀ ಸರ್ಟಿಫಿಕೇಟಿಗೆ 200 ಎಂದುಕೊಂಡವರು ಕಡಿಮೆಯಿಲ್ಲ. ನಾಲ್ಕು ಪೇಪರ್ ಇದ್ದರೆ ಅದು 800. ಈ ಬರಹದಲ್ಲಿ ಗೊಂದಲವಾಗದಿರಲಿ ಎಂದು ಒಟ್ಟು ಓದನ್ನು ‘ಸರ್ಟಿಫಿಕೇಟ್’ ಎಂದೂ ಅದರೊಳಗಿನ ವಿಷಯಗಳನ್ನು ‘ಪೇಪರ್’ ಎಂದೂ ಕರೆಯುತ್ತೇವೆ.

ಅರ್ಹತೆ: ಮೂರು ಬಾಗಿಲು

ವಿದ್ಯಾರ್ಹತೆಯ ದೃಷ್ಟಿಯಿಂದ ಹೆಚ್ಚಿನ ಸರ್ಟಿಫಿಕೇಟ್‌ಗಳನ್ನು ಮೂರು ಗುಂಪು ಮಾಡಬಹುದು.

ಒಂದು, ಯಾವ ಶಾಲಾ ಪ್ರಮಾಣಪತ್ರವನ್ನೂ ಕೇಳದವು. ಆಹಾರ ಮತ್ತು ಪೋಷಣೆಯ ಸರ್ಟಿಫಿಕೇಟ್ ಇದಕ್ಕೆ ಹಳೆಯ ಉದಾಹರಣೆ. 18 ವರ್ಷ ತುಂಬಿರಬೇಕು, ಓದಲು ಬರೆಯಲು ಬರಬೇಕು, ಅಷ್ಟೆ. ಎರಡು, 8ನೇ ತರಗತಿ ಪಾಸಾಗಿರಬೇಕಾದವು. ಕೋಳಿ ಸಾಕಣೆ, ಜೇನು ಸಾಕಣೆ ಈ ಗುಂಪಿನವು. ಮೂರು, ಪಿಯುಸಿ ಅಥವಾ ತತ್ಸಮಾನ ಕೇಳುವವು. ಸಾವಯವ ಕೃಷಿ, ಗ್ರಂಥಾಲಯ ವಿಜ್ಞಾನದಂಥವು ಇಲ್ಲಿ ಬರುತ್ತವೆ. ಇವಲ್ಲದೆ ಪದವಿಯನ್ನೇ ಕೇಳುವ ಕೆಲವೂ ಇವೆ. ಎಲ್ಲಾ ಸರ್ಟಿಫಿಕೇಟ್‌ಗಳೂ ಎಲ್ಲಾ ಪ್ರವೇಶ ಸುತ್ತಿನಲ್ಲೂ ಇರುವುದಿಲ್ಲ. ಹಿಂದಿನ ವರ್ಷದ ಪ್ರಾಸ್ಪೆಕ್ಟಸ್ ನೋಡಿ ಮನಸ್ಸು ಮಾಡುವ ಬದಲು ಆ ಸುತ್ತಿನ ಪಟ್ಟಿಯನ್ನೇ ತೆರೆದು ನೋಡಿ.

ಎರಡನೇ ಗುಂಪಿಗೆ ಸೇರುವವರು ಒಂದು ಸಣ್ಣ ವಿಷಯ ಗಮನಿಸಬೇಕು. 8ನೇ ತರಗತಿಗೆ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡವರು ವಿರಳ. ಸಾಮಾನ್ಯವಾಗಿ ಕೈಯಲ್ಲಿರುವುದು ಟಿಸಿ. ಅದರಲ್ಲಿ ‘ಶಾಲೆ ಬಿಡುವಾಗ ಓದುತ್ತಿದ್ದ ತರಗತಿ: 8’ ಎಂದಿದ್ದರೆ ಪಾಸಾದ ಹಾಗಾಗಲಿಲ್ಲ. ಮೇಲಿನ ತರಗತಿಗೆ ಬಡ್ತಿ ಪಡೆಯಲು ಅರ್ಹರೇ ಎಂಬ ಕಾಲಂ ಬೇರೆಯೇ ಇರುತ್ತದೆ, ಅಲ್ಲಿ ‘ಹೌದು’ ಎಂದಿರಬೇಕು. ಆ ಜಾಗ ಖಾಲಿ ಬಿಟ್ಟಿದ್ದರೆ, ಓದಿದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರಿಂದ ದಾಖಲಾತಿ ರಿಜಿಸ್ಟರ್ ಆಧರಿಸಿದ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಳ್ಳಿ. ಸಹಿ, ಮೊಹರು, ದಿನಾಂಕ ಮೂರೂ ಸ್ಪಷ್ಟವಾಗಿರಲಿ.

ಎಸ್ಸೆಸ್ಸೆಲ್ಸಿಯ ನಂತರ ಓದು ನಿಂತವರಿಗೆ, ಅಥವಾ ಅದೂ ಇಲ್ಲದವರಿಗೆ ಇಗ್ನೋದಲ್ಲಿ ‘ಬಿಪಿಪಿ’ ಎಂಬ ಪೂರ್ವಸಿದ್ಧತಾ ಓದು ಇದೆ. 18 ವರ್ಷ ತುಂಬಿರಬೇಕು. ಸಮಾಜ ವಿಜ್ಞಾನ, ಗಣಿತ, ವಾಣಿಜ್ಯ ಈ ಮೂರರಲ್ಲಿ ಎರಡು ಪೇಪರ್ ಆರಿಸಿಕೊಳ್ಳಬೇಕು. ಪಿಯುಸಿ ಕೇಳುವ ಕೆಲವು ಸರ್ಟಿಫಿಕೇಟ್‌ಗಳು ಇದನ್ನೂ ಒಪ್ಪುತ್ತವೆ, ಸಾವಯವ ಕೃಷಿ ಅವುಗಳಲ್ಲೊಂದು. ಆದರೆ ಬಿಪಿಪಿ ಪಿಯುಸಿಗೆ ಸಮವಲ್ಲ. ಸರ್ಕಾರಿ ಹುದ್ದೆಗೆ ಪಿಯುಸಿ ಬೇಕೆಂದಿದ್ದರೆ ಇದು ಕೆಲಸಕ್ಕೆ ಬರುವುದಿಲ್ಲ. ನಿಮಗೆ ಬೇಕಿರುವುದು ನಿಜವಾದ ಹತ್ತನೇ ಅಥವಾ ಹನ್ನೆರಡನೇ ತರಗತಿಯ ಪ್ರಮಾಣಪತ್ರವಾದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಕಡೆ ಹೋಗುವುದೇ ಸರಿ. ಅಲ್ಲಿ ಒಮ್ಮೆ ನೋಂದಾಯಿಸಿದರೆ 5 ವರ್ಷದ ಅವಧಿಯಿರುತ್ತದೆ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು.

ಭಾಷೆ: ಪ್ರಾಸ್ಪೆಕ್ಟಸಿನಲ್ಲಿ ಎಲ್ಲರೂ ದಾಟಿಹೋಗುವ ಸಾಲು

ಇಗ್ನೋದ ಹೆಚ್ಚಿನ ಸರ್ಟಿಫಿಕೇಟ್‌ಗಳ ಪುಸ್ತಕ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ಕನ್ನಡದಲ್ಲಿ ಸಿಗುವವು ಕೆಲವೇ. ಅರ್ಹತೆಯ ಕಾಲಂನಲ್ಲಿ ‘ಏನೂ ಬೇಡ’ ಎಂದಿದ್ದರೂ ಮಾಧ್ಯಮದ ಕಾಲಂನಲ್ಲಿ ಇಂಗ್ಲಿಷ್ ಎಂದಿದ್ದರೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿಜವಾದ ಅಡ್ಡಗೋಡೆ ಅದೇ. ಶುಲ್ಕ ಕಟ್ಟುವ ಮುನ್ನ ‘ಇಜ್ಞಾನಕೋಶ’ ಎಂಬ ಇಗ್ನೋ ಜಾಲತಾಣದಲ್ಲಿ ಆ ಪೇಪರಿನ ಮೊದಲ ಘಟಕವನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಹತ್ತು ಪುಟ ಓದಿ ನೋಡಿ. ಒಂದು ಗಂಟೆಯಲ್ಲಿ ಹತ್ತು ಪುಟ ಅರ್ಥವಾದರೆ ಮುಂದುವರಿಯಿರಿ. ಮೂರು ಪುಟಕ್ಕೇ ನಿಂತರೆ ಬೇರೆ ದಾರಿ ನೋಡಿ.

ಕನ್ನಡದಲ್ಲೇ ಓದಬೇಕೆನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, 1996ರಿಂದ ಇರುವ ಕೆಎಸ್‌ಒಯು, ಹತ್ತಿರದ ವಿಳಾಸ. ಅರ್ಜಿಯ ವಿವರಗಳು ಬೇರೆಯಾದರೂ ಮುಂದೆ ಹೇಳುವ ದಾಖಲೆಯ ಸಿದ್ಧತೆ ಮತ್ತು ಸಮಯದ ಲೆಕ್ಕ ಅಲ್ಲಿಗೂ ಹೊಂದುತ್ತದೆ. ಯಾವ ವಿಶ್ವವಿದ್ಯಾಲಯವೇ ಆಗಲಿ, ಸೇರುವ ವರ್ಷಕ್ಕೆ ದೂರಶಿಕ್ಷಣದ ಮಾನ್ಯತೆ ಇದೆಯೇ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿಕೊಳ್ಳಿ. ‘ಹಿಂದಿನಿಂದಲೂ ಇದೆ’ ಎಂಬುದು ಸಾಲದು. ಕೆಎಸ್‌ಒಯು ಮಾನ್ಯತೆಯೇ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ರಾಜ್ಯದಲ್ಲಿ ಬಹಳ ಜನಕ್ಕೆ ನೆನಪಿದೆ.

ಸಮಯದ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಓದುವುದು, ಅಸೈನ್‌ಮೆಂಟ್ (ಮನೆಯಲ್ಲೇ ಉತ್ತರ ಬರೆದು ಒಪ್ಪಿಸುವ ಪ್ರಶ್ನೆಗಳು) ಬರೆಯುವುದು, ಅಧ್ಯಯನ ಕೇಂದ್ರದ ತರಗತಿಗೆ ಹೋಗುವುದು ಎಲ್ಲಾ ಸೇರಿ. ಸಾಮಾನ್ಯ ಸರ್ಟಿಫಿಕೇಟ್ 16 ಕ್ರೆಡಿಟ್‌ನದು ಎಂದಿಟ್ಟುಕೊಳ್ಳಿ. 16ನ್ನು 30ರಿಂದ ಗುಣಿಸಿದರೆ 480 ಗಂಟೆ.

ಇದನ್ನು ಆರು ತಿಂಗಳಲ್ಲಿ, ಅಂದರೆ 26 ವಾರದಲ್ಲಿ ಮುಗಿಸಬೇಕೆಂದರೆ ವಾರಕ್ಕೆ ಹದಿನೆಂಟೂವರೆ ಗಂಟೆ. ಭಾನುವಾರವೂ ಬಿಡದೆ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು. ಪಾಳಿಯ ಮೇಲೆ ದುಡಿಯುವವರಿಗೆ, ಬೆಳಗ್ಗೆ ಎದ್ದು ಮಕ್ಕಳ ಡಬ್ಬಿ ಕಟ್ಟುವವರಿಗೆ ಇದು ಆಗುವ ಮಾತಲ್ಲ. ಮೊದಲ ತಿಂಗಳ ಹುರುಪಿನಲ್ಲಿ ಓದಿ, ಎರಡನೇ ತಿಂಗಳು ಒಂದು ಮದುವೆ, ಒಂದು ಜ್ವರ ಬಂದು ಹಿಂದೆ ಬಿದ್ದು, ‘ನಮ್ಮ ಕೈಲಾಗದು’ ಎಂದು ಬಿಟ್ಟವರೇ ಜಾಸ್ತಿ. ತಪ್ಪು ಅವರದಲ್ಲ, ಲೆಕ್ಕದ್ದು.

ಆರು ತಿಂಗಳು ಎಂಬುದು ಕನಿಷ್ಠ ಅವಧಿ. ಗರಿಷ್ಠ ಸಾಮಾನ್ಯವಾಗಿ 2 ವರ್ಷ ಇರುತ್ತದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ, ವರ್ಷಕ್ಕೆರಡು ಸಲ. ಅಂದರೆ ನಿಮಗೆ ನಾಲ್ಕು ಅವಕಾಶ. ಮೊದಲೇ ಒಂದು ವರ್ಷದ ಯೋಜನೆ ಹಾಕಿಕೊಂಡರೆ ಅದೇ 480 ಗಂಟೆ ವಾರಕ್ಕೆ ಒಂಬತ್ತು ಗಂಟೆ ಚಿಲ್ಲರೆಗೆ ಇಳಿಯುತ್ತದೆ: ಕೆಲಸದ ದಿನ ಒಂದೊಂದು ಗಂಟೆ, ರಜಾ ದಿನ ನಾಲ್ಕು ಗಂಟೆ. ಎರಡು ಪೇಪರ್ ಮೊದಲ ಪರೀಕ್ಷೆಗೆ, ಉಳಿದವು ಎರಡನೆಯದಕ್ಕೆ. ಇನ್ನೊಂದು ವರ್ಷ ಆಪತ್ತಿಗೆಂದು ಕೈಯಲ್ಲಿರುತ್ತದೆ. ಎಲ್ಲಾ ಪೇಪರನ್ನೂ ಒಂದೇ ಸಲ ಬರೆಯಲೇಬೇಕೆಂಬ ನಿಯಮವಿಲ್ಲ.

ಪ್ರಾಯೋಗಿಕ ತರಗತಿ ಇರುವ ಸರ್ಟಿಫಿಕೇಟಿನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಪಾಠದ ತರಗತಿಗಳಿಗೆ ಹಾಜರಾತಿ ಕಡ್ಡಾಯವಲ್ಲ, ಪ್ರಾಯೋಗಿಕಕ್ಕೆ ಕಡ್ಡಾಯ. ಅದು ನಿಮ್ಮೂರಿನ ಕೇಂದ್ರದಲ್ಲಿ ಇಲ್ಲದೆಯೂ ಇರಬಹುದು. ಮಾಲೀಕರ ಬಳಿ ರಜೆ ಕೇಳುವ ಪರಿಸ್ಥಿತಿ ಬರುತ್ತದೆಯೇ ಎಂದು ಸೇರುವ ಮುಂಚೆಯೇ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿಯನ್ನು ಬರಹದಲ್ಲಿ ಮೊದಲೇ ಪಡೆದಿಟ್ಟುಕೊಂಡರೆ, ಮುಂದೆ ಸೇವಾ ಪುಸ್ತಕದಲ್ಲಿ ಈ ಅರ್ಹತೆ ನಮೂದಿಸುವಾಗ ಪ್ರಶ್ನೆ ಏಳುವುದಿಲ್ಲ.

ದಾಖಲೆಗಳು, ಅದರಲ್ಲೂ ಹೆಸರು

ಬೇಕಾದವು ಇಷ್ಟೇ: ಫೋಟೊ, ಸಹಿ, ವಯಸ್ಸಿನ ದಾಖಲೆ, ವಿದ್ಯಾರ್ಹತೆಯ ದಾಖಲೆ, ಅನ್ವಯಿಸಿದರೆ ಜಾತಿ ಪ್ರಮಾಣಪತ್ರ ಅಥವಾ ಬಿಪಿಎಲ್ ದಾಖಲೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದರೆ ಅದೊಂದೇ ವಯಸ್ಸಿಗೂ ಸಾಕು. ಕಳೆದುಹೋಗಿದ್ದರೆ ಮೊದಲು ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ನಲ್ಲಿ ಹುಡುಕಿ. ಹಳೆಯ ವರ್ಷದವರಿಗೆ ಅಲ್ಲಿ ಸಿಗದಿದ್ದರೆ, ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ದ್ವಿತೀಯ ಪ್ರತಿಗಾಗಿ ಅರ್ಜಿ ಹಾಕಬೇಕು. ಇದು ದಿನಗಳ ಕೆಲಸವಲ್ಲ, ವಾರಗಳದು. ಪ್ರವೇಶ ಶುರುವಾದ ಮೇಲೆ ಓಡಾಡಿದರೆ ಆ ಸುತ್ತು ಕೈತಪ್ಪುತ್ತದೆ.

ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್. ಮಾರ್ಕ್ಸ್ ಕಾರ್ಡ್‌ನಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಮಂಜುನಾಥ ಕೃಷ್ಣಪ್ಪ’, ಪಾನ್ ಕಾರ್ಡ್‌ನಲ್ಲಿ ‘ಕೃಷ್ಣಪ್ಪ ಮಂಜುನಾಥ’. ಮನುಷ್ಯರಿಗೆ ಇದು ಒಬ್ಬನೇ, ಕಂಪ್ಯೂಟರಿಗೆ ಮೂವರು. ಮೊದಲೆಲ್ಲ ಹೇಗೋ ನಡೆದುಹೋಗುತ್ತಿತ್ತು. ಈಗ ಅರ್ಜಿಯಲ್ಲಿ ಎಬಿಸಿ ಐಡಿ, ಅಂದರೆ ನೀವು ಗಳಿಸಿದ ಕ್ರೆಡಿಟ್ ಜಮೆಯಾಗುವ ಖಾತೆಯ ಸಂಖ್ಯೆ ಕೇಳುತ್ತಾರೆ. ಅದು ಡಿಜಿಲಾಕರ್ ಮೂಲಕ ಆಗುವುದರಿಂದ ಹೆಸರು ಆಧಾರ್‌ನಿಂದಲೇ ಬರುತ್ತದೆ. ದೂರಶಿಕ್ಷಣದ ಪದವಿಗಳಿಗೆ ಯುಜಿಸಿ 2024ರಿಂದ ತಂದಿರುವ ಡೆಬ್ (ದೂರಶಿಕ್ಷಣ ಬ್ಯೂರೋ) ಐಡಿಯೂ ಇದರ ಮೇಲೆಯೇ ನಿಂತಿದೆ. ನಿಮ್ಮ ಸರ್ಟಿಫಿಕೇಟಿನ ಅರ್ಜಿ ಅದನ್ನು ಕೇಳಿದರೆ ಮಾತ್ರ ಮಾಡಿಸಿಕೊಳ್ಳಿ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಆಧಾರನ್ನು ಮಾರ್ಕ್ಸ್ ಕಾರ್ಡ್‌ಗೆ. ಹಳೆಯ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ತಿದ್ದಿಸುವುದು ವರ್ಷಗಟ್ಟಲೆ ಅಲೆದಾಟ, ಆಧಾರ್ ತಿದ್ದುಪಡಿ ಅದರ ಮುಂದೆ ಸಲೀಸು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಜನ್ಮದಿನಾಂಕಕ್ಕೆ 1 ಸಲ ಮಾತ್ರ ಅವಕಾಶ. ಅವಸರದಲ್ಲಿ ಒಂದು ಚುಕ್ಕೆ ತಪ್ಪಿಸಿಕೊಂಡರೂ ಒಂದು ಅವಕಾಶ ಹೋದ ಹಾಗೆ. ಆಧಾರ್ ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸಲು ಹೇಳಿ, ಅಕ್ಷರ ಅಕ್ಷರ ಓದಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಮಾರ್ಕ್ಸ್ ಕಾರ್ಡಿನ ಹೆಸರಿನಲ್ಲೇ ಅರ್ಜಿ ಹಾಕುವುದು ಕಡಿಮೆ ತಾಪತ್ರಯದ ದಾರಿ. ಅದು ಬೇಡವೆಂದರೆ ವಿವಾಹ ನೋಂದಣಿ ಪತ್ರ ಜೊತೆಗಿರಲಿ.

ಅರ್ಜಿ ತುಂಬುವ ಕ್ರಮ

ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸುತ್ತು ಪ್ರವೇಶ. ಎಲ್ಲವೂ ಆನ್‌ಲೈನ್, ‘ಸಮರ್ಥ್’ ಪೋರ್ಟಲ್ ಮೂಲಕ.

1. ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಟ್ಟು ಹೊಸ ನೋಂದಣಿ ಮಾಡಿ. ಸೈಬರ್ ಸೆಂಟರಿನಲ್ಲಿ ‘ಅಣ್ಣಾ, ಬೇಗ ಆಗ್ಲಿ ಅಂತ ನಮ್ದೇ ನಂಬರ್ ಹಾಕಿದೀನಿ’ ಎನ್ನುತ್ತಾರೆ. ಅಲ್ಲೇ ತಡೆಯಿರಿ. ಪರೀಕ್ಷಾ ಅರ್ಜಿ, ವಿಳಾಸ ಬದಲಾವಣೆ ಎಲ್ಲದಕ್ಕೂ ಒಟಿಪಿ ಆ ನಂಬರಿಗೇ ಹೋಗುತ್ತದೆ. ವರ್ಷದ ನಂತರ ಆ ಅಂಗಡಿ ಇರುತ್ತದೋ ಇಲ್ಲವೋ.

2. ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನೂ ಕಾಗದದಲ್ಲಿ ಬರೆದು ಮಾರ್ಕ್ಸ್ ಕಾರ್ಡ್ ಇರುವ ಫೈಲಿನಲ್ಲಿ ಇಡಿ.

3. ಸರ್ಟಿಫಿಕೇಟ್, ಪ್ರಾದೇಶಿಕ ಕೇಂದ್ರ, ಅಧ್ಯಯನ ಕೇಂದ್ರ, ಮಾಧ್ಯಮ ಆರಿಸಿ. ಅಧ್ಯಯನ ಕೇಂದ್ರ ಮನೆಗೆ ಹತ್ತಿರವೋ ಕೆಲಸಕ್ಕೆ ಹತ್ತಿರವೋ ಎಂದು ಯೋಚಿಸಿ. ತರಗತಿಗಳು ಹೆಚ್ಚಾಗಿ ರಜಾ ದಿನಗಳಲ್ಲಿರುವುದರಿಂದ ಮನೆಗೆ ಹತ್ತಿರದ್ದೇ ಅನುಕೂಲ.

4. ಪುಸ್ತಕದ ಬದಲು ಡಿಜಿಟಲ್ ಪ್ರತಿ ಸಾಕೆಂದರೆ ಶುಲ್ಕದಲ್ಲಿ ಶೇ. 15 ರಿಯಾಯಿತಿ ಇದೆ. ಫೋನ್ ಪರದೆಯಲ್ಲಿ 480 ಗಂಟೆ ಓದುವ ಶಕ್ತಿ ಇದ್ದವರು ಮಾತ್ರ ಈ ಆಸೆಗೆ ಬೀಳಿ. ನಲವತ್ತು ದಾಟಿದ ಕಣ್ಣಿಗೆ ಮುದ್ರಿತ ಪುಸ್ತಕವೇ ಲೇಸು.

5. ಫೋಟೊ ಮತ್ತು ಸಹಿ ತಲಾ 100 ಕೆಬಿ ಒಳಗೆ, ಇತರ ದಾಖಲೆಗಳು ತಲಾ 200 ಕೆಬಿ ಒಳಗೆ ಇರಬೇಕು. ಮಾರ್ಕ್ಸ್ ಕಾರ್ಡನ್ನು ಅಷ್ಟಕ್ಕೆ ಕುಗ್ಗಿಸಿದಾಗ ಅಂಕಗಳು ಮಸುಕಾಗಿ, ‘ಓದಲಾಗುತ್ತಿಲ್ಲ’ ಎಂದು ಅರ್ಜಿ ವಾಪಸ್ ಬರುವುದೇ ಸಾಮಾನ್ಯ. ಹಗಲು ಬೆಳಕಲ್ಲಿ, ಮೇಲಿಂದ ನೇರವಾಗಿ, ಸುತ್ತಲಿನ ಮೇಜು ಕತ್ತರಿಸಿ, ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಗಾತ್ರವೂ ಇಳಿಯುತ್ತದೆ, ಅಕ್ಷರವೂ ಉಳಿಯುತ್ತದೆ. ಸಹಿಯನ್ನು ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಮಾಡಿ. ಪರೀಕ್ಷಾ ಕೊಠಡಿಯಲ್ಲೂ ಅದೇ ಸಹಿ ಹಾಕಬೇಕಾಗುತ್ತದೆ.

6. ಶುಲ್ಕ ಕಟ್ಟುವಾಗ ಹಣ ಕಡಿತವಾಗಿ ಪರದೆಯಲ್ಲಿ ‘ವಿಫಲ’ ಎಂದು ಬಂದರೆ ಕೂಡಲೇ ಮತ್ತೆ ಕಟ್ಟಬೇಡಿ. ಒಂದು ದಿನ ಬಿಟ್ಟು ಪಾವತಿಯ ಸ್ಥಿತಿ ನೋಡಿ.

7. ಭರ್ತಿಯಾದ ಅರ್ಜಿ ಮತ್ತು ರಸೀದಿಯ ಪಿಡಿಎಫ್ ಇಳಿಸಿಕೊಂಡು ಎರಡು ಕಡೆ ಇಡಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಕೆಲವು ಓದುಗಳಲ್ಲಿ ಶುಲ್ಕ ವಿನಾಯಿತಿ ಇದೆ. ಆದರೆ ಒಂದು ಸುತ್ತಿನಲ್ಲಿ ಒಂದಕ್ಕೆ ಮಾತ್ರ. ‘ಯಾವುದಾದರೂ ಸಿಗಲಿ’ ಎಂದು ಎರಡಕ್ಕೆ ವಿನಾಯಿತಿ ಕೇಳಿ ಅರ್ಜಿ ಹಾಕಿದರೆ ಎರಡೂ ತಿರಸ್ಕೃತವಾಗುವ ಅಪಾಯವಿದೆ.

ಪ್ರವೇಶದ ಕೊನೆಯ ದಿನಾಂಕವನ್ನು ಇಗ್ನೋ ಹಲವು ಸಲ ಮುಂದೂಡುತ್ತದೆ, ಅದು ಎಲ್ಲರಿಗೂ ಗೊತ್ತು. ಅದನ್ನೇ ನಂಬಿ ಕೂರಬೇಡಿ. ತಡವಾಗಿ ಸೇರಿದವರಿಗೆ ಪುಸ್ತಕವೂ ತಡ. ಅಸೈನ್‌ಮೆಂಟ್ ದಿನಾಂಕ ಮಾತ್ರ ಅವರಿಗಾಗಿ ಕಾಯುವುದಿಲ್ಲ.

ಈಗಾಗಲೇ ಬೇರೆ ಪದವಿ ಓದುತ್ತಿರುವವರೂ ಸೇರಬಹುದು. ಏಕಕಾಲಕ್ಕೆ ಎರಡು ಓದಿಗೆ ಯುಜಿಸಿ 2022ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ, ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ನಡೆಯಬಹುದು. ಗಲ್ಫ್ ಅಥವಾ ಬೇರೆ ದೇಶದಲ್ಲಿರುವ ಕನ್ನಡಿಗರಿಗೆ ದಾರಿ ಬೇರೆ: ಇಗ್ನೋದ ಅಂತರರಾಷ್ಟ್ರೀಯ ವಿಭಾಗದ ಮೂಲಕ ಹೋಗಬೇಕು, ಶುಲ್ಕವೂ ಬೇರೆ.

ಅಸೈನ್‌ಮೆಂಟ್: ಶೇ. 30 ಇಲ್ಲಿಯೇ ಇದೆ

ಹೆಚ್ಚಿನ ಸರ್ಟಿಫಿಕೇಟ್‌ಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಪಾಸಿನ ಗೆರೆ 40 ಎಂದಿಟ್ಟುಕೊಳ್ಳಿ: ಅಸೈನ್‌ಮೆಂಟಿನಲ್ಲಿ 80, ಪರೀಕ್ಷೆಯಲ್ಲಿ 35 ಬಂದರೆ ಒಟ್ಟು 48.5 ಆಗುತ್ತದೆ, ಆದರೂ ಫೇಲ್. ಪರೀಕ್ಷೆಯನ್ನಷ್ಟೇ ಮತ್ತೆ ಬರೆಯಬೇಕು, ಅಸೈನ್‌ಮೆಂಟ್ ಅಂಕ ಉಳಿಯುತ್ತದೆ. ನಿಮ್ಮ ಸರ್ಟಿಫಿಕೇಟಿನ ಪಾಸಿನ ಗೆರೆ ಎಷ್ಟೆಂಬುದು ಪ್ರೋಗ್ರಾಂ ಗೈಡ್‌ನಲ್ಲಿರುತ್ತದೆ.

ಪ್ರಶ್ನೆಗಳನ್ನು ಜಾಲತಾಣದಿಂದ ಇಳಿಸಿಕೊಳ್ಳಬೇಕು. ನೀವು ಸೇರಿದ ಸುತ್ತಿನದ್ದೇ ಆಗಿರಬೇಕು. ಹಳೆಯ ವರ್ಷದ ಪ್ರಶ್ನೆಗೆ ಎಷ್ಟೇ ಚೆನ್ನಾಗಿ ಉತ್ತರಿಸಿದರೂ ಲೆಕ್ಕಕ್ಕಿಲ್ಲ. ಉತ್ತರವನ್ನು ಕೈಯಲ್ಲೇ ಬರೆಯಬೇಕು. ಎಡಗಡೆ 4 ಸೆಂ.ಮೀ. ಅಂಚು, ಎರಡು ಉತ್ತರಗಳ ನಡುವೆ ಕನಿಷ್ಠ 4 ಸಾಲು ಜಾಗ ಬಿಡಿ, ಮೌಲ್ಯಮಾಪಕರು ಷರಾ ಬರೆಯುವುದು ಅಲ್ಲೇ. ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ಹೆಸರು, ವಿಳಾಸ, ಪೇಪರಿನ ಸಂಕೇತ, ಅಧ್ಯಯನ ಕೇಂದ್ರ, ದಿನಾಂಕ. ಒಂದೊಂದು ಪೇಪರಿನದನ್ನೂ ಬೇರೆಬೇರೆ ಹೊಲಿಯಿರಿ.

ಮಾರುಕಟ್ಟೆಯಲ್ಲಿ ಸಿದ್ಧ ಉತ್ತರಗಳ ಪಿಡಿಎಫ್ ಸಿಗುತ್ತದೆ. ನೋಡಿ ಬರೆದರೆ ಒಂದೇ ಕೇಂದ್ರಕ್ಕೆ ಹತ್ತು ಮಂದಿಯ ಒಂದೇ ಉತ್ತರ ಬರುತ್ತದೆ, ಸಿಕ್ಕಿಬೀಳುವುದು ಸುಲಭ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಬರೆಯುವ ಅಭ್ಯಾಸ ತಪ್ಪಿಹೋಗುವುದು. ಹದಿನೈದು ವರ್ಷ ಪೆನ್ನು ಹಿಡಿಯದ ಕೈಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಮೊದಲು ನೋಯುವುದು ಹೆಬ್ಬೆರಳ ಬುಡ. ಅಸೈನ್‌ಮೆಂಟ್ ಅದಕ್ಕೂ ತಾಲೀಮು.

ಕೊಟ್ಟಾಗ ಸಹಿ, ಮೊಹರು ಇರುವ ರಸೀದಿ ಪಡೆಯಿರಿ, ಕೊಡುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ. ‘ಅಸೈನ್‌ಮೆಂಟ್ ಅಂಕ ಬಂದಿಲ್ಲ’ ಎಂಬುದು ಅತಿ ಸಾಮಾನ್ಯ ದೂರು, ಆಗ ಕೈಹಿಡಿಯುವುದು ಈ ರಸೀದಿಯೊಂದೇ.

ಪರೀಕ್ಷೆ

ಪ್ರವೇಶ ಪಡೆದರೆ ಪರೀಕ್ಷೆಗೆ ತಾನಾಗಿ ಹೆಸರು ಬರುತ್ತದೆ ಎಂದುಕೊಂಡು ಆರು ತಿಂಗಳು ಕಳೆದುಕೊಂಡವರಿದ್ದಾರೆ. ಪರೀಕ್ಷಾ ಅರ್ಜಿಯನ್ನು ಬೇರೆಯಾಗಿ ತುಂಬಬೇಕು. ಜೂನ್ ಪರೀಕ್ಷೆಯದು ಬೇಸಿಗೆಯ ಶುರುವಿನಲ್ಲಿ, ಡಿಸೆಂಬರಿನದು ದಸರಾ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಈಚಿನ ಸುತ್ತುಗಳಲ್ಲಿ ಥಿಯರಿ ಪೇಪರೊಂದಕ್ಕೆ 200 ರೂಪಾಯಿ. ಗಡುವು ದಾಟಿದರೆ 1,100 ರೂಪಾಯಿ ತಡ ಶುಲ್ಕ ಬೇರೆ. ಅಂದರೆ ಒಂದು ವಾರದ ಮರೆವಿಗೆ ನಾಲ್ಕು ಪೇಪರಿನ ಶುಲ್ಕಕ್ಕಿಂತ ಹೆಚ್ಚು ದಂಡ.

ಅರ್ಜಿ ತುಂಬುವಾಗ ವೇಳಾಪಟ್ಟಿ ಪಕ್ಕದಲ್ಲಿಟ್ಟುಕೊಂಡು ಯಾವ ಪೇಪರ್ ಯಾವ ದಿನ, ಬೆಳಗ್ಗೆಯೋ ಮಧ್ಯಾಹ್ನವೋ ನೋಡಿ. ಕೆಲಸದ ದಿನ ಬಿದ್ದಿದ್ದರೆ ಮಾಲೀಕರಿಗೆ ಅಂದೇ ಹೇಳಿ, ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ. ಅದು ಬರುವುದು ಪರೀಕ್ಷೆಗೆ ವಾರ ಇರುವಾಗ. ಕೇಂದ್ರ ಬೇರೆ ಊರಿಗೆ ಬಿದ್ದಿರಲೂಬಹುದು, ಹಿಂದಿನ ದಿನವೇ ಬಸ್ಸಿನ ಸಮಯ ನೋಡಿಡಿ. ಹಾಲ್ ಟಿಕೆಟ್ ಜೊತೆ ಗುರುತಿನ ಚೀಟಿ ಒಯ್ಯಿರಿ.

ಫಲಿತಾಂಶ ಬಂದ ಮೇಲೆ ಗ್ರೇಡ್ ಕಾರ್ಡ್ ಪುಟದಲ್ಲಿ ಪ್ರತಿ ಪೇಪರಿನ ಮುಂದೆ ಅಸೈನ್‌ಮೆಂಟ್, ಪರೀಕ್ಷೆ ಎರಡೂ ಕಾಲಂ ತುಂಬಿ ‘ಪೂರ್ಣ’ ಎಂದು ಬಂದಿದೆಯೇ ನೋಡಿ. ಒಂದು ಕಾಲಂ ಖಾಲಿಯಿದ್ದರೆ ತಿಂಗಳುಗಟ್ಟಲೆ ಕಾದು ಕೂರದೆ ರಸೀದಿಯ ಪ್ರತಿಯೊಂದಿಗೆ ಅಧ್ಯಯನ ಕೇಂದ್ರಕ್ಕೂ ಪ್ರಾದೇಶಿಕ ಕೇಂದ್ರಕ್ಕೂ ಒಟ್ಟಿಗೇ ಬರೆಯಿರಿ. ನಡುವೆ ಬಾಡಿಗೆ ಮನೆ ಬದಲಿಸಿದ್ದರೆ ಪೋರ್ಟಲ್‌ನಲ್ಲಿ ವಿಳಾಸ ತಿದ್ದಿಸಿ, ಹಳೆಯ ಮನೆಯ ಅಂಚೆಯಣ್ಣನಿಗೂ ಒಂದು ಮಾತು ಹೇಳಿಡಿ.